ಸಖೂಬಾಯಿ ರಕ್ತ ಕೊಟ್ಟಿರಲಿಲ್ಲ

ಹೋದ ತಿಂಗಳು ತವರುಮನೆ ಶಿರಗುಪ್ಪಿಗೆ ಹೋಗಿ ಚಿಕ್ಕೋಡಿಗೆ ಮರಳುತ್ತಿದ್ದೆ. ಅಂಕಲಿ ಇನ್ನೂ ಮುಂದಿತ್ತು, ಕಬ್ಬು ಹೇರಿಕೊಂಡ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ನಿಂತುಬಿಟ್ಟಿತು. ಕಂಡಕ್ಟರ್ ಇಳಿದು ಬಯ್ದ, ಡ್ರೈವರ್ ಇಳಿದು ಬಯ್ದ, ಟ್ರ್ಯಾಕ್ಟರಿನವನು ಯಾರಿಗೂ ಕಿವಿಗೊಡದೆ ಗಾಲಿಗೆ ಕಲ್ಲು ಕೊಟ್ಟು ಬೀಡಿ ಹಚ್ಚಿದ. ಪಕ್ಕದ ಹೊಲದಲ್ಲಿ ಕಬ್ಬು ಕಡಿದು ಉಳಿದ ಒಣ ಗರಿಗೆ, ಅದೇ ರವದಿಗೆ, ಬೆಂಕಿ ಇಟ್ಟಿದ್ದರು. ಆ ಹೊಗೆ ಕಿಟಕಿಯಿಂದ ಒಳಗೆ ನುಗ್ಗಿದ್ದೇ ತಡ, ಬಸ್ಸಿನಲ್ಲಿದ್ದವರೆಲ್ಲ ಸೆರಗು, ಕರವಸ್ತ್ರ ಮೂಗಿಗೆ ಹಿಡಿದರು. ನಾನು ಮಾತ್ರ ಎದೆ ತುಂಬ ಉಸಿರು ಎಳೆದುಕೊಂಡೆ. ಪಕ್ಕದ ಹುಡುಗಿ ಈ ಮುದುಕಿಗೆ ಏನಾಗಿದೆ ಎಂಬಂತೆ ನೋಡಿದಳು. ನೋಡಲಿ ಬಿಡಿ. ಆ ಹೊಗೆಯಲ್ಲಿ ನನಗೆ ಒಂದಿಡೀ ಚಳಿಗಾಲವೇ ಸಿಕ್ಕಿತ್ತು.

ಎರಡು ಸಾವಿರದ ಹದಿನೈದರ ಆಸುಪಾಸು. ನಾನಾಗ ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸರಕಾರಿ ನರ್ಸು. ಊರಿನ ಹೆಸರು ಬೇಡ. ಇಲ್ಲಿ ಬರುವ ಜನರ ಹೆಸರುಗಳನ್ನೂ ಅವರನ್ನು ಕೇಳಿಯೇ ಬದಲಿಸಿದ್ದೇನೆ. "ಬರೀರಿ ಬಾಯಾರ, ಆದ್ರ ನನಗೊಂದು ಚಂದನ್ನ ಹೆಸರ ಇಡ್ರಿ" ಎಂದು ಒಬ್ಬಳು ತಾಕೀತು ಮಾಡಿದ್ದಾಳೆ. ಇಟ್ಟಿದ್ದೇನೆ. ನನ್ನ ಬಗ್ಗೆ ಆ ಊರಲ್ಲಿ ಒಂದು ಮಾತಿತ್ತು: ಬಾಯಾರ ಕೈ ಹಗುರ, ಬಾಯಿ ಭಾರ. ಸೂಜಿ ಚುಚ್ಚಿದ್ದು ಗೊತ್ತಾಗುತ್ತಿರಲಿಲ್ಲ, ಬೈದದ್ದು ಮಾತ್ರ ವಾರವಿಡೀ ನೆನಪಿರುತ್ತಿತ್ತು ಅಂತೆ.

ಊರಾಚೆ ಹಳ್ಳದ ದಂಡೆಯಲ್ಲಿ ಹರಣಶಿಕಾರಿಗಳ ಕಾಲೋನಿ. ಇವರ ಹಿರಿಯರು ಅಡವಿಯಲ್ಲಿ ಬೇಟೆಯಾಡಿ ಬದುಕಿದವರು. ಬ್ರಿಟಿಷರ ಕಾಲದಲ್ಲಿ ಇಡೀ ಕುಲಕ್ಕೇ ಕಳ್ಳರೆಂಬ ಹಣೆಪಟ್ಟಿ ಕಟ್ಟಿದರು. ಬ್ರಿಟಿಷರು ಹೋದರೂ ಪಟ್ಟಿ ಹೋಗಲಿಲ್ಲ. ಊರಲ್ಲಿ ಒಂದು ಕೋಳಿ ಕಾಣೆಯಾದರೆ ಸಾಕು, ಎಲ್ಲರ ಬೆರಳೂ ಕಾಲೋನಿಯ ಕಡೆಗೇ. ನಾನು ನೋಡಿದ ಕಾಲೋನಿಯೋ, ಗಂಡಸರು ಕಬ್ಬು ಕಡಿಯಲು ಹೋಗುವ, ಹೆಂಗಸರು ಪಿನ್ನು, ಹಣಿಗಿ, ಮಣಿಸರ ಹೊತ್ತು ಸಂತೆ ಸಂತೆ ತಿರುಗುವ ಮನೆಗಳ ಒಂದು ಓಣಿ. ತಮ್ಮೊಳಗೆ ಗುಜರಾತಿಯಂತೆ ಕೇಳುವ ತಮ್ಮದೇ ಮಾತು, ನಮ್ಮೊಡನೆ ಕನ್ನಡ, ಸಿಟ್ಟು ಬಂದರೆ ಮರಾಠಿ.

ಅಲ್ಲಿ ನನ್ನ ಗೆಳತಿ ಶಾರವ್ವ. ನಲವತ್ತರ ಹೆಂಗಸು, ಕಡ್ಡಿಯಂಥ ಮೈ, ಗಂಡ ತೀರಿಕೊಂಡು ಬಹಳ ದಿನವಾಗಿತ್ತು. ಅವಳ ತಾಯಿ ಎದೆಯಲ್ಲಿ ಗಂಟಾಗಿ ಸತ್ತಿದ್ದಳು. ಹಿಂದಿನ ವರ್ಷ ಅಕ್ಕನೂ ಅದೇ ಗಂಟಿಗೆ ಹೋದಳು. ಆ ಅಕ್ಕನ ಹುಣ್ಣು ತೊಳೆದು ಬಟ್ಟೆ ಬದಲಿಸಲು ನಾನು ಹೋಗುತ್ತಿದ್ದಾಗ ಪಕ್ಕದಲ್ಲಿ ಕುಳಿತು ಬಿಸಿನೀರು ಹಿಡಿಯುತ್ತಿದ್ದವಳು ಶಾರವ್ವನ ಒಬ್ಬಳೇ ಮಗಳು ಸುನೀತಾ. ಹತ್ತೊಂಬತ್ತು ದಾಟಿದ ಹುಡುಗಿ, ನಕ್ಕರೆ ಓಣಿ ತುಂಬ ಕೇಳಬೇಕು. ಅಥಣಿ ಕಡೆಯ ತಮ್ಮದೇ ಜನರಲ್ಲಿ ಅವಳಿಗೆ ಗಂಡು ಗೊತ್ತಾಗಿತ್ತು.

"ಬಾಯಾರ, ನಮ್ಮವ್ವಗ ಬಂತು, ನಮ್ಮಕ್ಕಗ ಬಂತು. ನನಗ ಬಂದ್ರ ಬರಲಿ, ಹಾಳಾಗಿ ಹೋಗ್ಲಿ. ನನ್ನ ಮಗಳಿಗೆ ಬರತೈತೇನ್ರಿ?" ಶಾರವ್ವ ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದುದು ಇದೊಂದೇ. ನಾನು, "ಸುಮ್ನಿರಬೇ, ಏನೇನರ ತಲ್ಯಾಗ ತುಂಬ್ಕೋಬ್ಯಾಡ" ಎಂದು ಗದರುತ್ತಿದ್ದೆ. ಗದರದೆ ಇನ್ನೇನು ಮಾಡಲಿ?

ಕಬ್ಬಿನ ಸುಗ್ಗಿ ಆಗತಾನೆ ಶುರುವಾಗಿತ್ತು, ಡಾಕ್ಟರ್ ಮೇಧಾ ಬಂದರು. ದೊಡ್ಡ ಊರಿನ ಸಂಶೋಧನಾ ಸಂಸ್ಥೆಯವರು. ಅಜ್ಜಿಯ ಮನೆ ನಿಪ್ಪಾಣಿಯಾದ್ದರಿಂದ ಕನ್ನಡ ಬರುತ್ತಿತ್ತು, ನಡುನಡುವೆ ಮರಾಠಿ ಜಾರುತ್ತಿತ್ತು. ಬೇವಿನ ಗಿಡದ ಕೆಳಗೆ ಎಲ್ಲರನ್ನೂ ಕೂಡಿಸಿ ಹೇಳಿದರು: ಕೆಲವು ಮನೆತನಗಳಲ್ಲಿ ಕ್ಯಾನ್ಸರ್ ರಕ್ತದ ಜೊತೆ ಇಳಿದು ಬರುತ್ತದೆ, ನೇಯ್ಗೆಯಲ್ಲಿ ಒಂದು ಎಳೆ ತಪ್ಪಿದ ಹಾಗೆ. ಆ ತಪ್ಪಿದ ಎಳೆ ಯಾವುದು ಎಂದು ನೋಡುವ ವಿದ್ಯೆ ಬಂದಿದೆ. ಆದರೆ ಅದೆಲ್ಲ ಹೊರದೇಶದವರ, ದೊಡ್ಡ ಊರಿನವರ ರಕ್ತ ನೋಡಿ ಕಲಿತದ್ದು. ನಿಮ್ಮಂಥ ಮೂಲ ಜನರ ರಕ್ತವನ್ನು ಯಾರೂ ನೋಡೇ ಇಲ್ಲ. ನಿಮ್ಮಲ್ಲಿ ಏನಾದರೂ ಬೇರೆ ಕಂಡರೆ ಅದು ರೋಗವೋ, ನಿಮ್ಮ ಕುಲದ ರೀತಿಯೋ ಹೇಳಲು ಬರುವುದಿಲ್ಲ. "ಪುಸ್ತಕದಾಗ ನೀವು ಇಲ್ಲಾ. ಅದಕ್ಕ ಔಷಧನೂ ನಿಮ್ಮ ತನಕಾ ಬರೂದಿಲ್ಲಾ" ಎಂದರು.

ಆ ಕಾಲೋನಿಗೆ ಪಂಚರಿದ್ದರು, ಎಲ್ಲ ಗಂಡಸರೇ. ಆದರೆ ಬಾಯಿ ತೆರೆಯುವ ಮೊದಲು ಅವರು ನೋಡುತ್ತಿದ್ದದ್ದು ಕಾಶವ್ವನ ಮುಖ. ಎಲ್ಲರಿಗಿಂತ ಹಿರಿಯಳು, ಹಲ್ಲಿಲ್ಲ, ಹೆದರಿಕೆಯೂ ಇಲ್ಲ. ಅವಳು ಎಲೆಅಡಿಕೆ ಕುಟ್ಟುತ್ತಲೇ ಅಂದಳು: "ಪೊಲೀಸರ ಪುಸ್ತಕದಾಗ ಇದ್ದೇವಲ್ಲವಾ. ಅಷ್ಟು ಸಾಲ್ದನು?"

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು. ನಕ್ಕ ಮೇಲೆ ಮಾತು ಹಗುರವಾಯಿತು, ಜನ ತಲೆದೂಗಿದರು. ಇನ್ನೇನು ಕೆಲಸ ಆಯಿತು ಅನ್ನುವಷ್ಟರಲ್ಲಿ ಮೇಧಾ ಮೇಡಂ ಒಪ್ಪಿಗೆಯ ಕಾಗದ ತೆಗೆದರು, ಅದರ ಜೊತೆಗೆ, ಸಹಿ ಬಾರದವರಿಗಿರಲಿ ಎಂದು, ಹೆಬ್ಬೆಟ್ಟಿನ ಮಸಿಡಬ್ಬಿ ತೆಗೆದು ಮುಂದಿಟ್ಟರು.

ದೇವರೇ! ನೋಡನೋಡುತ್ತಿದ್ದಂತೆ ಗಿಡದ ಕೆಳಗೆ ಒಂದು ನರಪಿಳ್ಳೆಯೂ ಇಲ್ಲ. ಗಂಡಸರು ಹಳ್ಳದ ಕಡೆಗೆ, ಹೆಂಗಸರು ಮನೆಯೊಳಗೆ, ಬಾಗಿಲಿನ ಅಗಳಿ ಹಾಕಿದ ಸದ್ದು. ಉಳಿದವಳು ಶಾರವ್ವ ಒಬ್ಬಳೇ. "ಬಾಯಾರ, ಮೊದಲ ಆ ಮಸಿ ಚೀಲದಾಗ ಹಾಕಾಕ ಹೇಳ್ರಿ" ಎಂದು ನನ್ನ ಕೈ ಹಿಡಿದಳು. ಅವಳ ಅಜ್ಜನನ್ನು ಠಾಣೆಗೆ ಕರೆದು ಮತ್ತೆ ಮತ್ತೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರಂತೆ. ಊರು ಬಿಟ್ಟು ಹೋಗಲು ಹೆಬ್ಬೆಟ್ಟು, ಮರಳಿ ಬರಲು ಹೆಬ್ಬೆಟ್ಟು. ಮೇಧಾ ಮೇಡಂ ಮಸಿಡಬ್ಬಿಯನ್ನು ಚೀಲಕ್ಕೆ ತುರುಕಿ, ಜೀಪಿನಲ್ಲಿ ನನ್ನನ್ನೂ ಚಿಕ್ಕೋಡಿಗೆ ಕರೆತಂದರು. ಇಳಿಯುವಾಗ, "ಸಿಸ್ಟರ್, ಅವರು ನನ್ನ ಮತ್ತ ಒಳಗ ಬಿಡ್ತಾರಾ?" ಎಂದು ಕೇಳಿದರು. ಪಾಪ ಅನಿಸಿತು ನನಗೆ. "ಬರ್ರಿ ಮೇಡಂ, ಬಿಡದ ಏನ್ ಮಾಡ್ತಾರ, ನಾ ಅದೀನಲ್ಲ" ಎಂದು ಧೈರ್ಯ ಹೇಳಿದೆ. ಧೈರ್ಯ ನನಗೂ ಇರಲಿಲ್ಲ.

ಅವರು ಬಂದರು. ಮತ್ತೆ ಬಂದರು. ಚೀಲವಿಲ್ಲದೆ, ಕಾಗದವಿಲ್ಲದೆ ಬಂದು ಕಾಶವ್ವನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಹೋದರು. ಸುನೀತಾ ಅವರ ಜಡೆಗೆ ಬಣ್ಣಬಣ್ಣದ ಪಿನ್ನು ಸಿಕ್ಕಿಸಿ, "ಈಗ ನೀವು ನಮ್ಮವರಾದ್ರಿ ನೋಡ್ರಿ" ಎಂದು ಕುಣಿದಳು. ಹೆಬ್ಬೆಟ್ಟಿನ ಬದಲು ಬಾಯಿಮಾತಿನ ಒಪ್ಪಿಗೆಯನ್ನು ಧ್ವನಿಮುದ್ರಣ ಮಾಡಿಕೊಳ್ಳಬಹುದು ಎಂದು ತಮ್ಮ ಸಂಸ್ಥೆಯ ಹಿರಿಯರಿಂದ ಅಪ್ಪಣೆ ತಂದರು. ಆಮೇಲೆ ಪಂಚರು ಕುಳಿತರು. ಕೊಡೋಣ ಎಂದಾಯಿತು. ಆದರೆ ಒಂದು ಕರಾರು, ಅದನ್ನು ಹೇಳಿದವಳು ಕಾಶವ್ವನೇ.

"ನಮ್ಮಾಗ ಒಬ್ಬರ ಕಿವ್ಯಾಗ ಹೇಳೂ ಮಾತಿಲ್ಲ. ಗುಟ್ಟು ಮಾಡಿದಲ್ಲೇ ಮನಿ ಒಡೀತಾವು. ನಮ್ಮ ರಕ್ತದಾಗ ಏನ್ ಸಿಗತೈತೋ ಅದನ್ನ ಇಲ್ಲೇ, ಈ ಗಿಡದ ಬುಡಕ, ಎಲ್ಲಾರ ಮುಂದ ಬಂದು ಹೇಳಬೇಕ ನೀ. ಹೇಳ್ತೀಯೇನು?"

"ಹೋ, ನಕ್ಕೀ, ಖಂಡಿತ! ಹೇಳ್ತೇನಿ" ಎಂದುಬಿಟ್ಟರು ಮೇಧಾ ಮೇಡಂ. ಪಂಚರ ಮುಂದೆ ಆಡಿದ ಮಾತನ್ನು ಆ ಜನ ಹಿಂದಕ್ಕೆ ತೆಗೆದುಕೊಳ್ಳಲು ಬಿಡುವುದಿಲ್ಲ ಎಂಬುದು ಅವರಿಗೆ ಎಲ್ಲಿ ಗೊತ್ತಿತ್ತು?

ರಕ್ತ ತೆಗೆದ ದಿನ ಕಾಲೋನಿಯಲ್ಲಿ ಮದುವೆಯ ಕಳೆ. ಎದೆಯ ಗಂಟಿನ ವಿಚಾರವಾದ್ದರಿಂದ ಹೆಂಗಸರದ್ದು ಮಾತ್ರ. ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಸಾಲಾಗಿ ಬಂದರು. "ರಕ್ತಕ್ಕ ಸೀರಿ ಯಾತಕ್ರೇ?" ಎಂದು ನಾನು ಚೇಷ್ಟೆ ಮಾಡಿದರೆ, "ದೊಡ್ಡ ಊರಿಗೆ ಹೊಂಟೈತಲ್ರಿ, ಚಂದ ಹೋಗ್ಲಿ" ಎಂದು ಒಬ್ಬಳು ಉತ್ತರಕೊಟ್ಟಳು. ಸುತ್ತಲ ಹೊಲಗಳಲ್ಲಿ ರವದಿ ಸುಡುತ್ತಿದ್ದರು; ಹೊಗೆಗೆ ಕೆಮ್ಮುತ್ತ, ನಗುತ್ತ ತೋಳು ಚಾಚಿದರು. ನಾನು ಜೈನರ ಮನೆಯವಳು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅದನ್ನು ನೆನಪಿಟ್ಟುಕೊಂಡಿದ್ದವಳು ಸುನೀತಾ. ಸಂಜೆ ಹೊತ್ತು ಮುಳುಗುವ ಮೊದಲೇ ಬಾಳೆಹಣ್ಣು ತಂದು, "ಸುಲಿದ ತಿನ್ನೂದ್ರಿ, ನಿಮ್ಮ ದೇವರೂ ಏನೂ ಅನ್ನೂದಿಲ್ಲ, ಲಗೂನ ತಿನ್ರಿ" ಎಂದು ಎದುರಿಗೆ ಕುಳಿತು ತಿನ್ನಿಸಿದಳು. ಆ ಹುಡುಗಿಯ ರಕ್ತ ತೆಗೆಯುವಾಗ ನನ್ನ ಕೈ ಹಗುರವಾಗಿರಲಿಲ್ಲ. ಅವಳ ದೊಡ್ಡವ್ವನ ಹುಣ್ಣಿನ ವಾಸನೆ ಮೂಗಿನಲ್ಲಿತ್ತು. ಇವಳಿಗೆ ಬೇಡಪ್ಪಾ, ಇವಳೊಬ್ಬಳಿಗೆ ಬೇಡ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸುಗ್ಗಿ ಮುಗಿಯುತ್ತ ಬಂದಾಗ ಮೇಡಂ ಫೋನು ಮಾಡಿದರು. ಧ್ವನಿ ಎಂದಿನಂತಿರಲಿಲ್ಲ. ಒಂದು ಮನೆತನದಲ್ಲಿ ಆ ತಪ್ಪಿದ ಎಳೆ ಸಿಕ್ಕಿದೆ. ಯಾವ ಮನೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. "ಸಿಸ್ಟರ್, ತಾಯಿಗೂ ಐತಿ, ಮಗಳಿಗೂ ಐತಿ. ರೋಗ ಅಲ್ಲ, ಬರೂ ಸಂಭವ ಜಾಸ್ತಿ. ವರ್ಷಾ ವರ್ಷಾ ತಪಾಸಣೆ ಮಾಡಿಸಿದ್ರ ಜೀವ ಉಳೀತದ. ಆದ್ರ ನಾ ಇದನ್ನ ಎಲ್ಲಾರ ಮುಂದ ಹೆಂಗ ಹೇಳಲಿ? ನಮ್ಮ ನಿಯಮದಾಗ ಅದು ಆಗೂದ ಇಲ್ಲ. ಹುಡುಗಿ ಲಗ್ನ ಐತಿ."

ಸುಮ್ಮನೆ ಶಾರವ್ವನ ಮನೆಗೆ ಹೋಗಿ ಹೇಳಿಬಿಡಿ ಎನ್ನಬಹುದು ನೀವು. ಆ ಓಣಿಯಲ್ಲಿ ಡಾಕ್ಟರು ಒಬ್ಬರನ್ನೇ ಪಕ್ಕಕ್ಕೆ ಕರೆದರೆಂದರೆ ಡಂಗುರ ಹೊಡೆದಂತೆಯೇ. ದವಾಖಾನೆಗೆ ಕರೆಸಿದರೂ ಅಷ್ಟೇ: ಬಸ್ಸು ಹತ್ತುವ ಮೊದಲೇ ಎಲ್ಲರಿಗೂ ಗೊತ್ತು. ಹೇಳದೆ ಬಿಟ್ಟರೆ? ಹುಡುಗಿ ದೊಡ್ಡವ್ವನ ದಾರಿ ಹಿಡಿದರೆ? ಅಂದು ನನಗೆ ಊಟ ಸೇರಲಿಲ್ಲ. ನಮ್ಮ ಮನೆಯವರು, "ಯಾಕ, ಇವತ್ತ ಯಾರನ್ನೂ ಬೈಲಿಲ್ಲೇನು?" ಎಂದು ಕೇಳಿದರು.

ಮೇಡಂ ಬಂದ ದಿನ ನಮ್ಮ ಗ್ರಹಚಾರಕ್ಕೆ ಕಾಲೋನಿಗೆ ಬೀಗರೂ ಬಂದಿದ್ದರು. ಮದುವೆಯ ದಿನ ಗೊತ್ತು ಮಾಡಲು ಅಥಣಿ ಕಡೆಯಿಂದ ಹುಡುಗನ ತಾಯಿ ಸಖೂಬಾಯಿ ತನ್ನ ಅಣ್ಣನೊಡನೆ ಬಂದು ಗಿಡದ ಕೆಳಗೆ, ಎಲ್ಲರ ನಡುವೆ, ಕಂಬಳಿಯ ಮೇಲೆ ಕುಳಿತಿದ್ದಳು. ದಪ್ಪನೆಯ ಹೆಂಗಸು, ಹಣೆಯ ಮೇಲೆ ರೂಪಾಯಿಯಷ್ಟಗಲ ಕುಂಕುಮ, ಬಿಗಿದ ತುಟಿ. ಈ ಅತ್ತೆಯ ಮುಂದೆಯೇ ಬರಬೇಕಿತ್ತೇ ಈ ಮಾತು?

ಮೇಧಾ ಮೇಡಂ ಎದ್ದು ನಿಂತರು. ಕೈ ಮುಗಿದರು. "ನಾ ಮಾತು ಕೊಟ್ಟಿದ್ದೆ. ಅದಕ್ಕ ಬಂದೇನಿ. ನಿಮ್ಮ ರಕ್ತದಾಗ ಆ ದೋಷ ಸಿಕ್ಕೈತಿ. ಆದ್ರ ಯಾರ ಮನ್ಯಾಗ ಅಂತ ಹೇಳಿದ್ರ ಆ ಹೆಣ್ಣುಮಕ್ಕಳಿಗೆ ತ್ರಾಸ ಆಗ್ತದ. ಹೇಳ್ಲಿಲ್ಲಂದ್ರ ನಾ ಮಾತಿಗೆ ತಪ್ಪಿದಾಕಿ. ನನಗ ತಿಳೀವಲ್ತು. ನೀವ ಹೇಳ್ರಿ, ಏನ್ ಮಾಡಲಿ?" ಎಂದವರು ಅತ್ತೇಬಿಟ್ಟರು.

ಶಾರವ್ವ ನೆಲ ನೋಡುತ್ತಿದ್ದಳು. ಪಂಚರು ಕಾಶವ್ವನ ಮುಖ ನೋಡಿದರು. ಕಾಶವ್ವ ಬಾಯಲ್ಲಿದ್ದ ಎಲೆ ಉಗುಳಿ ಬಂದು ಕುಳಿತಳು.

"ನಾ ಸಣ್ಣಾಕಿ ಇದ್ದಾಗ ಫೌಜದಾರ ಬರತಿದ್ದ. ಒಂದ ಹೆಸರ ಹಿಡ್ಕೊಂಡ ಬರತಿದ್ದ. 'ರಾಮ ಯಾಂವಲೇ?' ಅಂತಿದ್ದ. ಇದ್ದಷ್ಟೂ ಗಣಮಕ್ಕಳು ಎದ್ದ ನಿಂದರತಿದ್ರು. ನಾನ ರಾಮ, ನಾನ ರಾಮ. ಖರೇ ರಾಮ ಎಲ್ಲೋ ನಡುವ ನಿಂತಿರತಿದ್ದ. ಎಲ್ಲಾರೂ ಹೊಡ್ತಾ ತಿಂತಿದ್ರು, ಆದ್ರ ಅವನೊಬ್ಬನ ಸಿಗತಿದ್ದಿಲ್ಲ." ಡಾಕ್ಟರ ಕಡೆ ತಿರುಗಿದಳು. "ಎಲ್ಲಾರ ಮುಂದ ಹೇಳು ಅಂದಿದ್ನಿ. ಹೇಳಿದಿ. ನಮ್ಮ ಕಾಲೋನಿ ರಕ್ತದಾಗ ದೋಷ ಐತಿ. ಮುಗೀತು, ಅದು ಎಲ್ಲಾರದೂ. ಇನ್ನ ನನ್ನ ಮನ್ಯಾಗ ಹೋಗಿ ಕುಂದುರು. ರಕ್ತ ಕೊಟ್ಟಾಕಿ ಒಬ್ಬೊಬ್ಬಾಕೀನ ಒಳಗ ಬರತಾಳ. ದೋಷ ಇದ್ದಾಕೀನೂ ಅಷ್ಟ ಹೊತ್ತು ಕುಂದರಿಸು, ಇಲ್ಲದಾಕೀನೂ ಅಷ್ಟ ಹೊತ್ತು. ಹೊರಗ ಬಂದಾಕೀನ ಏನಂದ್ರು ಅಂತ ಕೇಳಿದವ್ರು ನನ್ನ ಕೈಯಾಗ ಸಿಕ್ಕೊಂಡಂಗ."

ಕಾಶವ್ವನ ಒಂದು ಕೋಣೆಯ ಮನೆ. ಒಳಗೆ ಡಾಕ್ಟರು, ಪಕ್ಕದಲ್ಲಿ ನಾನು. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಏನೂ ಇಲ್ಲದವರಿಗೆ ಮೇಡಂ ಒಂದೇ ಮಾತಿನಲ್ಲಿ ಹೇಳಿ, ಉಳಿದ ಹೊತ್ತು ಮಕ್ಕಳ ಬಗ್ಗೆ, ಮಂಡಿನೋವಿನ ಬಗ್ಗೆ ಮಾತಾಡಿದರು. ಶಾರವ್ವ ಬಂದಳು. ಕೇಳಿದಳು. ತನ್ನ ವಿಷಯಕ್ಕೆ ತಲೆಯಾಡಿಸಿದಳು ಅಷ್ಟೆ. ಮಗಳ ವಿಷಯ ಕೇಳಲು ಹೋದಾಗ ಮೇಡಂ, "ಆಕೀನ ಕೇಳ್ಬೇಕು, ಆಕಿದು ಆಕೀಗ ಹೇಳ್ತೇನಿ" ಎಂದರು. ಶಾರವ್ವನಿಗೆ ಅಷ್ಟರಲ್ಲೇ ತಿಳಿಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು, ಮುಖ ತೊಳೆದು, ಏನೂ ಆಗದವಳಂತೆ ಹೊರಗೆ ಹೋದಳು. ಆ ಹೆಣ್ಣಿನ ಗಟ್ಟಿತನಕ್ಕೆ ನಾನು ದಂಗಾದೆ.

ಸುನೀತಾಳಿಗೆ ಆ ಗಟ್ಟಿತನ ಎಲ್ಲಿಂದ ಬರಬೇಕು? ಎಳೆ ಹುಡುಗಿ. ವರ್ಷಕ್ಕೊಮ್ಮೆ ತಪಾಸಣೆ, ಬೇಗ ಕಂಡರೆ ವಾಸಿ, ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ ಎಂದು ಮೇಡಂ ಹೇಳಿದ್ದೆಲ್ಲ ಕೇಳಿಸಿಕೊಂಡಳು. "ದೊಡ್ಡವ್ವನಂಗ ವಾಸನಿ ಬರತೈತೇನ್ರಿ ನನಗೂ?" ಎಂದು ನನ್ನನ್ನು ಕೇಳಿದಳು. "ಇಲ್ಲವಾ, ಬರಾಕ ನಾವು ಬಿಡಾಂಗಿಲ್ಲ" ಎಂದೆ. ನಾವು ಕಣ್ಣೊರೆಸುವ ಮೊದಲೇ ಎದ್ದು ಬಾಗಿಲು ತೆಗೆದು ಅಳುತ್ತಲೇ ಹೊರಗೆ ಓಡಿದಳು.

ಅಲ್ಲಿಯವರೆಗೆ ಯಾರೂ ಅಳುತ್ತ ಹೊರಗೆ ಹೋಗಿರಲಿಲ್ಲ. ತೆರೆದ ಬಾಗಿಲಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಓಣಿಯ ಅಷ್ಟೂ ಕಣ್ಣು ಅವಳ ಮೇಲೆ. ಶಾರವ್ವ ಅರ್ಧ ಎದ್ದವಳು ಹಾಗೇ ಕಲ್ಲಾಗಿ ನಿಂತಳು. ಮುಗಿಯಿತು, ಎಲ್ಲ ಮುಗಿಯಿತು ಅಂದುಕೊಂಡೆ ನಾನು.

ಆಗ ಕಂಬಳಿಯ ಮೇಲಿದ್ದ ಸಖೂಬಾಯಿ ಮೊಣಕಾಲಿಗೆ ಕೈ ಊರಿ ಎದ್ದಳು. ಅವಳ ಅಣ್ಣ ಏನೋ ಅಂದ, ಕೇಳಿಸಿಕೊಳ್ಳಲಿಲ್ಲ. ಸೀದಾ ನಡೆದು ಬಂದು ನಮ್ಮ ಕೋಣೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡಳು.

ಮೇಡಂ ಗಾಬರಿಯಾಗಿ, "ಮಾವಶಿ, ನೀವು ರಕ್ತ ಕೊಟ್ಟಿಲ್ಲಲ್ಲಾ. ನಿಮಗ ಹೇಳೂದು ನನ್ನ ಹತ್ರ ಏನೂ ಇಲ್ಲಾ" ಎಂದರು.

"ಗೊತ್ತೈತ್ರಿ" ಎಂದಳು ಸಖೂಬಾಯಿ, ಗೋಡೆಗೊರಗಿ ಕುಳಿತುಕೊಳ್ಳುತ್ತ. "ಏನೂ ಹೇಳಬ್ಯಾಡ್ರಿ. ಅವರೆಲ್ಲಾ ಎಷ್ಟ ಹೊತ್ತು ಕುಂತಿದ್ರೋ ನಾನೂ ಅಷ್ಟ ಹೊತ್ತು ಕುಂದರತೇನಿ."

ಕುಳಿತಳು. ನನಗಂತೂ ಅವಳ ಮುಖ ನೋಡಲು ಆಗಲಿಲ್ಲ. ಹೊತ್ತಾಯಿತು ಅನಿಸಿದಾಗ ಅವಳು ಎದ್ದಳು. ಬಾಗಿಲ ಬಳಿ ನಿಂತು ಹಣೆಯ ಕುಂಕುಮ ಅಂಗೈಯಿಂದ ಒರೆಸಿ ಕದಡಿಕೊಂಡಳು, ಸೆರಗು ಕಣ್ಣಿಗೊತ್ತಿಕೊಂಡಳು, ಬಾಗಿಲು ತೆಗೆದವಳೇ, "ಅಯ್ಯಯ್ಯೋ ಯವ್ವಾ" ಎಂದು ಓಣಿ ಹಾರಿಹೋಗುವಂತೆ ಅಳುತ್ತ ಹೊರಗೆ ನಡೆದಳು. ಹೋಗಿ ಸುನೀತಾಳ ಪಕ್ಕದಲ್ಲೇ ಕುಳಿತು, ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತಳು.

ಆಮೇಲೆ ಒಳಗೆ ಬಂದ ಹೆಂಗಸರಿದ್ದಾರಲ್ಲ, ಏನೂ ಇಲ್ಲ ನೋಡವಾ, ನೀ ಗಟ್ಟಿ ಅದೀ ಎಂದು ಮೇಡಂ ಹೇಳಿದರೂ, ಒಬ್ಬೊಬ್ಬಳೂ ಬಾಗಿಲಿಗೆ ಹೋಗಿ ಸೆರಗು ಕಣ್ಣಿಗೊತ್ತಿಕೊಂಡೇ ಹೊರಬಿದ್ದಳು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಗಿಡದ ಕೆಳಗೆ ಅಳದವರೇ ಇರಲಿಲ್ಲ. ನಾನೂ ಮೇಡಮ್ಮೂ ಒಳಗೆ ಕುಳಿತು ಅತ್ತೆವು, ನಮ್ಮದು ನಾಟಕವಾಗಿರಲಿಲ್ಲ.

ಮುಂದೆ ಕಾಲೋನಿಯ ಹೆಂಗಸರೆಲ್ಲ ಒಟ್ಟಿಗೇ ಟೆಂಪೋ ಮಾಡಿಕೊಂಡು ತಪಾಸಣೆಗೆ ಹೋದರು. ಶಾರವ್ವನಲ್ಲಿ ಕಡಲೆಯಷ್ಟು ಗಂಟು ಸಿಕ್ಕಿತು, ಸಿಕ್ಕಷ್ಟರಲ್ಲೇ ತೆಗೆದರು. ಈಗಲೂ ಸಂತೆಯಲ್ಲಿ ಪಿನ್ನು ಮಾರುತ್ತಾಳೆ.

ಮದುವೆ ಮುಂದಿನ ಸುಗ್ಗಿ ಕಳೆದ ಮೇಲೆ ಎಂದು ಮೊದಲು ಮಾತಾಗಿತ್ತು. ಆದರೆ ಸಖೂಬಾಯಿ ಆ ಬೇಸಿಗೆಯಲ್ಲೇ ಆಗಬೇಕೆಂದು ಹಟ ಹಿಡಿದಳು. ಮದುವೆಯ ದಿನ ಅಕ್ಕಿಕಾಳು ಹಾಕಿ ಬಂದ ಮೇಲೆ ನಾನು ಅವಳನ್ನು ಪಕ್ಕಕ್ಕೆ ಕರೆದು ಕೇಳಿಯೇಬಿಟ್ಟೆ: "ನಿಮಗ ಎಲ್ಲಾ ತಿಳಿದಿತ್ತು. ಆದರೂ ಇಷ್ಟು ಅವಸರಾ ಮಾಡಿ ತಂದ್ಕೊಂಡ್ರಿ?"

ಸಖೂಬಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ತಿಳಿದಿತ್ತಂತನ ಅವಸರಾ ಮಾಡಿದ್ನಿರಿ ಬಾಯಾರ. ಈ ಕಾಲೋನಿಯಿಂದ ದವಾಖಾನಿ ಎಷ್ಟ ದೂರ ಐತಿ ನೋಡ್ರಿ. ನಮ್ಮ ಮನಿಯಿಂದ ನಡಕೋತ ಹೋಗಬಹುದು."